ಸೊನ್ನೆ ಕೇಸಿನ ಕ್ಯಾಮೆರಾ

ಒಳ್ಳೆಯವರಿಂದ ಈ ದೇಶಕ್ಕೆ ಆಗುವ ತೊಂದರೆಯ ಬಗ್ಗೆ ಯಾರೂ ಸರಿಯಾಗಿ ಯೋಚಿಸಿಲ್ಲ. ಕೆಟ್ಟವನಾದರೆ ಹಿಡಿದು ನಿಲ್ಲಿಸಿ ಬೈಯಬಹುದು. ಒಳ್ಳೆಯವನನ್ನು ಬೈದರೆ ಬೈದವನೇ ಕೆಟ್ಟವನಾಗುತ್ತಾನೆ. ನಮ್ಮೂರ ಸ್ಕೂಲಿನ ಮುಂದಿನ ಕ್ಯಾಮೆರಾ ಇನ್ನೇನು ಕೈಬಿಟ್ಟು ಹೋಗಬೇಕಿತ್ತು. ಅದಕ್ಕೆ ಕಾರಣ ನಿಂಗಯ್ಯಣ್ಣನೆಂಬ ಅಪ್ಪಟ ಒಳ್ಳೆಯ ಮನುಷ್ಯ. ಅವನನ್ನು ಬೈಯುವ ಧೈರ್ಯ ಊರಿನಲ್ಲಿ ಒಬ್ಬಳಿಗೇ ಇತ್ತು, ಅವನ ಹೆಂಡತಿ ಚಲುವಕ್ಕನಿಗೆ.

ನಾನು ಕೆಂಪರಾಜು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಮಾದನಕೊಪ್ಪಲಿನಲ್ಲಿ ಟೀ ಅಂಗಡಿ ಇಟ್ಟಿದ್ದೇನೆ. ರಸ್ತೆಯ ಈ ಕಡೆ ಊರು, ಆ ಕಡೆ ಶಾಲೆ. ಮಕ್ಕಳು ದಾಟಲೇಬೇಕು. ಮದ್ದೂರಿನ ಕಡೆಯಿಂದ ಬರುವವರನ್ನು ತಿರುವೇ ಹಿಡಿದು ನಿಲ್ಲಿಸುತ್ತದೆ. ಮಳವಳ್ಳಿ ಕಡೆಯಿಂದ ಮಾತ್ರ ಉದ್ದಕ್ಕೂ ಇಳಿಜಾರು. ಅಲ್ಲಿ ಬೈಕು ಹತ್ತಿದವರ ಮೈಮೇಲೆ ದೇವರು ಬರುತ್ತದೆ. ಒಂದು ಸಲ ಹಂಪು ಹಾಕಿಸಿದ್ದೆವು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದೇ ಹಂಗಾಮಿನಲ್ಲಿ ಅದನ್ನು ತಟ್ಟಿ ರೊಟ್ಟಿ ಮಾಡಿಬಿಟ್ಟವು.

ಚಲುವಕ್ಕ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಬೆಳಿಗ್ಗೆ ಸಂಜೆ ಗೇಟಿನ ಹತ್ತಿರ ನಿಂತು ಮಕ್ಕಳನ್ನು ರಸ್ತೆ ದಾಟಿಸುವುದೂ ಅವಳೇ. ಅದಕ್ಕೆ ಯಾರೂ ಅವಳನ್ನು ನೇಮಿಸಿಲ್ಲ, ಬೇಡ ಅನ್ನುವ ಗಂಡಸೂ ಇನ್ನೂ ಹುಟ್ಟಿಲ್ಲ. ಎರಡು ವರ್ಷದ ಕೆಳಗೆ ಹೀಗೇ ದಾಟಿಸುವಾಗ ಇಳಿಜಾರಿನಿಂದ ಒಂದು ಬೈಕು ನುಗ್ಗಿ ಬಂತು. ಇಬ್ಬರು ಮಕ್ಕಳನ್ನು ಆಚೆಗೆ ನೂಕಿ ತಾನು ಏಟು ತಿಂದಳು. ಮಕ್ಕಳಿಗೆ ಮೊಣಕೈ ತರಚಿತು ಅಷ್ಟೆ. ಅವಳ ಕಾಲು ಮುರಿಯಿತು. ಬೈಕಿನವನು ನಿಲ್ಲಿಸಲಿಲ್ಲ. ಕಾಲಿಗೆ ಹಾಕಿದ ಪಟ್ಟಿ ಬಿಚ್ಚುವ ಮೊದಲೇ ಅವಳು ಮಂಡ್ಯಕ್ಕೆ ಬಸ್ಸು ಹತ್ತಿದಳು. ಅಲ್ಲಿ ರಸ್ತೆ ಸುರಕ್ಷತೆ ನೋಡಿಕೊಳ್ಳುವ ಕಚೇರಿಯ ಬಾಗಿಲಲ್ಲಿ ಕಾಲು ನೀಡಿಕೊಂಡು ಕುಳಿತಳಂತೆ. ಒಳಗೆ ಹೋಗುವವರು ಹೊರಗೆ ಬರುವವರು ಎಲ್ಲರೂ ಆ ಕಾಲನ್ನು ದಾಟಿಯೇ ಓಡಾಡಬೇಕಾಯಿತು. ಹಾಗೆ ಎಷ್ಟು ಸಲ ಹೋಗಿ ಕುಳಿತಳೋ, ಕೊನೆಗೊಂದು ದಿನ ಲಾರಿಯಲ್ಲಿ ಕಂಬ ಬಂತು, ಕಂಬದ ತುದಿಗೆ ಕ್ಯಾಮೆರಾ ಬಂತು. ಶಾಲೆ ನಡೆಯುವ ಹೊತ್ತಿನಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ವೇಗದಲ್ಲಿ ಹೋದವರ ಗಾಡಿ ನಂಬರು ತಾನೇ ಹಿಡಿದು ಮನೆಗೆ ನೋಟಿಸು ಕಳಿಸುವ ಕ್ಯಾಮೆರಾ. ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದೆವು. ಅವತ್ತು ನಾನು ಎಲ್ಲರಿಗೂ ಪುಕ್ಕಟೆ ಟೀ ಕೊಟ್ಟೆ. ಆಮೇಲೆ ಎಂದೂ ಕೊಟ್ಟಿಲ್ಲ.

ಈಗ ನಿಂಗಯ್ಯಣ್ಣನ ವಿಷಯ. ಶಾಲೆಗಿಂತ ಸ್ವಲ್ಪ ಮೇಲೆ, ಇಳಿಜಾರಿನಲ್ಲಿ, ಹುಣಸೆಮರದ ಮರೆಗೆ ಒಂದು ಮೋರಿ ಇದೆ. ಅದರ ಕಟ್ಟೆಯೇ ಅವನ ಸಿಂಹಾಸನ. ಗದ್ದೆಗೆ ನೀರು ಕಟ್ಟಿ ಬಂದವನು ಅಲ್ಲಿ ಕುಳಿತರೆ ದಾರಿಹೋಕರನ್ನೆಲ್ಲ ಮಾತನಾಡಿಸುತ್ತಾನೆ. ಯಾವೂರು, ಯಾರ ಮನೆ, ಊಟ ಆಯಿತೇ, ಇಷ್ಟನ್ನು ಕೇಳದೆ ಯಾರನ್ನೂ ಮುಂದಕ್ಕೆ ಬಿಟ್ಟವನಲ್ಲ. ಕ್ಯಾಮೆರಾ ಬಂದ ಮಾರನೆಯ ದಿನದಿಂದ ಅವನು ಹೆಗಲ ಮೇಲಿನ ಟವಲನ್ನು ತೆಗೆದು ಬೀಸತೊಡಗಿದ.

"ಕ್ಯಾಮ್ರಾ ಐತೆ! ವಸಿ ನಿಧಾನಕ್ಕೆ ಓಗಪ್ಪ, ಕ್ಯಾಮ್ರಾ ಐತೆ!"

ಬಸ್ಸಿಗೆ ಬೀಸಿದ, ಕಾರಿಗೆ ಬೀಸಿದ, ಎಷ್ಟು ತಿವಿದರೂ ಇಪ್ಪತ್ತೈದು ದಾಟದ ಟಿ.ವಿ.ಎಸ್. ಮೊಪೆಡ್ಡಿಗೂ ಬೀಸಿದ. ಎಲ್ಲರೂ ವೇಗ ಇಳಿಸುತ್ತಿದ್ದರು, ಅವನಿಗೊಂದು ಕೈ ಎತ್ತಿ ನಮಸ್ಕಾರ ಹಾಕಿ ಮೆಲ್ಲಗೆ ಸ್ಕೂಲು ದಾಟುತ್ತಿದ್ದರು.

"ಯಾಕಣ್ಣ ನಿನಗೆ ಈ ಉಸಾಬರಿ?" ಎಂದು ಒಮ್ಮೆ ಕೇಳಿದೆ.

"ನಮ್ಮೂರ್ ಮುಂದೆ ಬಂದೋನು ಒಂದ್ ಲೋಟ ನೀರು ಕುಡ್ಕಂಡು ಓಗ್ಬೇಕು ಕಣ್ಲಾ. ದಂಡ ಆಕುಸ್ಕಂಡು ಓದ್ರೆ ಊರ್ಗೆ ಏನ್ಲಾ ಮರ್ವಾದೆ?" ಎಂದ.

ಟೀ ಅಂಗಡಿಯ ಗಂಡಸರಿಗೆಲ್ಲ ಇದು ಗೊತ್ತಿತ್ತು. ಚಲುವಕ್ಕನಿಗೆ ಮಾತ್ರ ಗೊತ್ತಿರಲಿಲ್ಲ. ಅವಳು ಶಾಲೆಯ ಹಿಂದಿನ ಅಡುಗೆಮನೆಯಲ್ಲಿ ಸೌಟು ಹಿಡಿದಿರುತ್ತಿದ್ದಳು. ಗೇಟಿಗೆ ಬಂದು ನಿಂತರೂ ಹುಣಸೆಮರ ಅಡ್ಡ. ಹೇಳಿ ಗಂಡ ಹೆಂಡಿರ ಜಗಳ ಹಚ್ಚುವುದು ನಮ್ಮ ಜಾಯಮಾನವಲ್ಲ. ಜಗಳ ತಾನಾಗಿ ಹತ್ತಿಕೊಂಡರೆ ನೋಡುವುದು ಬೇರೆ ಮಾತು.

ಜುಲೈನಲ್ಲಿ ಒಂದು ಸೋಮವಾರ ಮಧ್ಯಾಹ್ನ ಅರ್ಪಿತ ಎಂಬ ಇಂಜಿನಿಯರ್ ಹುಡುಗಿ ಜೀಪಿನಲ್ಲಿ ಬಂದಳು. ಕ್ಯಾಮೆರಾ ನೋಡಿಕೊಳ್ಳುವುದು ಅವಳ ಕೆಲಸ. ನನ್ನ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಟ್ಟು, ಊಟ ಬಡಿಸಿ ಕೈ ಒರೆಸಿಕೊಳ್ಳುತ್ತ ಬಂದ ಚಲುವಕ್ಕನಿಗೆ ಮೆತ್ತಗೆ ಹೇಳಿದಳು.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಈ ಕ್ಯಾಮೆರಾ ಪರೀಕ್ಷೆಗೆ ಅಂತ ಹಾಕಿದ್ದು. ಎಲ್ಲಿ ಅಪಾಯ ಇದೆಯೋ ಅಲ್ಲಿ ಖಾಯಂ ಮಾಡ್ತೀವಿ. ನಿಮ್ಮೂರಲ್ಲಿ ಇವತ್ತಿನವರೆಗೆ ಒಂದೇ ಒಂದು ಕೇಸೂ ಇಲ್ಲ. ಸೊನ್ನೆ. ಗುರುವಾರ ಬಿಚ್ಚಿಕೊಂಡು ಬೇರೆ ಕಡೆ ಹಾಕೋಕೆ ಆರ್ಡರ್ ಆಗಿದೆ."

ಚಲುವಕ್ಕನ ಮುಖ ನೋಡಲಾಗಲಿಲ್ಲ. ಕಾಲು ಮುರಿದ ದಿನವೂ ಆ ಹೆಂಗಸು ಅಳಲಿಲ್ಲ, ಆ ಬೈಕಿನವನ ಏಳು ತಲೆಮಾರನ್ನು ಬೈಯುತ್ತಲೇ ಆಟೋ ಹತ್ತಿದ್ದಳು. ಈಗ ಬೆಂಚಿನ ತುದಿಯಲ್ಲಿ ಕುಸಿದು ಕುಳಿತಳು.

"ಸೊನ್ನೆನಾ? ಎಂಗವ್ವ ಸೊನ್ನೆ? ನನ್ ಕಾಲು ಮುರುದಿದ್ದು ಸುಳ್ಳಾ?"

"ನನಗೂ ಅರ್ಥ ಆಗ್ತಿಲ್ಲ ಅಮ್ಮ. ಒಂದು ಕೇಳ್ತೀನಿ, ಇಲ್ಲಿ ಮೇಲುಗಡೆ ಯಾವುದಾದರೂ ಶಕ್ತಿ ದೇವರ ಗುಡಿ ಇದೆಯಾ? ಬರೋರೆಲ್ಲ ಅಲ್ಲಿ ನಿಧಾನ ಮಾಡಿ ಎಡಗಡೆ ತಿರುಗಿ ಕೈ ಮುಗೀತಾರೆ." ಅರ್ಪಿತ ವಿಡಿಯೋ ತೋರಿಸಿದಳು. ನಿಜ. ಬಸ್ಸಿನ ಡ್ರೈವರು ಕೈ ಎತ್ತಿದ. ಹಾಲಿನ ವ್ಯಾನಿನವನು ಹಣೆಗೆ ಕೈ ಮುಟ್ಟಿಸಿದ. ಕಾರಿನಲ್ಲಿದ್ದ ಗಂಡ ಹೆಂಡತಿ ಇಬ್ಬರೂ ಭಕ್ತಿಯಿಂದ ತಲೆ ಬಾಗಿಸಿದರು. ಚಿತ್ರದ ಅಂಚಿನಲ್ಲಿ, ಹುಣಸೆಮರದ ಪಕ್ಕ, ಕೆಂಪಂಚಿನ ಟವಲಿನ ತುದಿ ಮೇಲೆ ಕೆಳಗೆ ಆಡುತ್ತಿತ್ತು.

ಚಲುವಕ್ಕ ಆ ಟವಲನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಹಾಲು ಉಕ್ಕಿತೇನೋ ಎಂದು ಒಲೆಯ ಕಡೆ ತಿರುಗಿದೆ.

"ಗುಡಿ ಐತೆ ಕಣವ್ವ. ಒಳಗಿರೋ ದ್ಯಾವ್ರು ನನ್ ಗಂಡ," ಎಂದಳು.

ಅರ್ಪಿತ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆದರೆ ಒಳ್ಳೆಯ ಹುಡುಗಿ. ಹೊರಡುವ ಮುಂಚೆ, "ಬುಧವಾರ ಸಂಜೆವರೆಗೂ ಟೈಮಿದೆ. ಒಂದಾದರೂ ನಿಜವಾದ ಕೇಸ್ ಬಂದರೆ ಇಲ್ಲಿ ಅಪಾಯ ಇದೆ ಅಂತ ವರದಿ ಬರೀತೀನಿ. ಸೊನ್ನೆ ಇಟ್ಕೊಂಡು ಏನು ಬರೀಲಿ ಹೇಳಿ?" ಎಂದು ನಂಬರು ಕೊಟ್ಟು ಹೋದಳು.

ಚಲುವಕ್ಕ ಕುಂಟುತ್ತಲೇ ಮೋರಿಗೆ ನಡೆದಳು. ಹಿಂದೆ ನಾವು ಐದಾರು ಜನ. ನಿಂಗಯ್ಯಣ್ಣ ಆಗತಾನೇ ಒಂದು ಟೆಂಪೋಗೆ ಬೀಸಿ ಮುಗಿಸಿದ್ದ.

"ಏನಯ್ಯ ನೀನ್ ಮಾಡ್ತಿರದು? ಮಂಡ್ಯಕ್ಕೆ ಅಲೆದೂ ಅಲೆದೂ ಕ್ಯಾಮ್ರಾ ತಂದೋಳು ನಾನು. ಟವಲು ಬೀಸಿ ಅದ್ನ ಓಡುಸ್ತಿರೋನು ನೀನು!"

"ಓಡುಸ್ತಿಲ್ಲ ಕಣಮ್ಮಿ. ಎಲ್ರೂ ನಿಧಾನಕ್ಕೇ ಓಯ್ತಾವ್ರಲ್ಲ? ನಿಂಗ್ ಬೇಕಾಗಿದ್ದೂ ಅದೇ ತಾನೆ?"

"ಗುರ್ವಾರ ಕಂಬ ಕಿತ್ಕಂಡು ಓಯ್ತಾರಂತೆ. ಆಮ್ಯಾಲೆ ನಿನ್ ಟವಲ್ಗೆ ಯಾವನ್ ಎದರ್ಕತಾನೆ? ನಾಳಿಕೆ ನಿಂಗೆ ಜ್ವರ ಬಂದು ಮಲೀಕಂಡ್ರೆ ಆ ಮಕ್ಳ ಗತಿ?"

ನಿಂಗಯ್ಯಣ್ಣ ಟವಲನ್ನು ಹೆಗಲಿಗೆ ಹಾಕಿಕೊಂಡು, "ಆಯ್ತು ಬುಡು, ಇನ್ ಬೀಸಕಿಲ್ಲ," ಎಂದ. ಇಷ್ಟು ಬೇಗ ಒಪ್ಪಿದ್ದು ಕಂಡು ನನಗೇ ಆಶ್ಚರ್ಯವಾಯಿತು.

ಒಪ್ಪುವುದೇನೋ ಒಪ್ಪಿದ. ಕೈ ಕೇಳಬೇಕಲ್ಲ. ಆ ಸಂಜೆಯೇ ಒಂದು ಕಾರು ಬಂತು. ಟವಲು ತಾನಾಗಿ ಮೇಲೆದ್ದಿತು. ಚಲುವಕ್ಕ ಟವಲು ಕಿತ್ತುಕೊಂಡಳು. ಬರಿಗೈ ಎದ್ದಿತು. ಕೈ ಕಟ್ಟಿಕೊಂಡು ಕೂರು ಎಂದಳು. ಕೈ ಕಟ್ಟಿಕೊಂಡು ಕೆಮ್ಮಿದ. ಎಂಥ ಕೆಮ್ಮೆಂದರೆ ಲಾರಿಯವನು ಹೆದರಿ ಬ್ರೇಕು ಹಾಕಿ, ನೀರು ಬೇಕೇ ಎಂದು ಬಾಟಲಿ ತೆಗೆದ.

ಮಂಗಳವಾರ ಅವನನ್ನು ಗದ್ದೆಗೆ ಅಟ್ಟಿದೆವು. ಅದರಿಂದ ಇನ್ನೂ ಕೆಟ್ಟಿತು. ದಿನಾ ಓಡಾಡುವವರೆಲ್ಲ ಮೋರಿಯ ಹತ್ತಿರ ನಿಧಾನ ಮಾಡಿ, ಖಾಲಿ ಕಟ್ಟೆ ಕಂಡು ಗಾಬರಿಯಾಗಿ, ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸತೊಡಗಿದರು. "ಅಜ್ಜ ಎಲ್ಲಿ? ಉಸಾರಾಗವ್ನಾ?" ಬೆಸಗರಹಳ್ಳಿಯ ಒಬ್ಬ ತರಕಾರಿ ಗಾಡಿಯವನಂತೂ ಎರಡು ಸೋರೆಕಾಯಿ ಕೊಟ್ಟು, ಅಜ್ಜನಿಗೆ ತಲುಪಿಸಿ ಎಂದು ಹೋದ. ಟೀ ವ್ಯಾಪಾರ ಭರ್ಜರಿಯಾಗಿ ನಡೆಯಿತು. ಕೇಸು ಮಾತ್ರ ಸೊನ್ನೆ.

ಸಂಜೆ ನನ್ನ ತಲೆಗೊಂದು ಉಪಾಯ ಹೊಳೆಯಿತು. "ಚಲುವಕ್ಕ, ನಾನೇ ಸ್ಕೂಟರಿನಲ್ಲಿ ಒಂದು ಸಲ ಜೋರಾಗಿ ಹೋಗಿಬಿಡುತ್ತೇನೆ. ದಂಡ ಬಂದರೆ ಬರಲಿ, ಊರಿಗಾಗಿ," ಎಂದೆ. ಎದೆ ಉಬ್ಬಿಸಿಯೇ ಹೇಳಿದ್ದೆ.

"ಇಸ್ಕೂಲ್ ಮುಂದೆ ಜೋರಾಗ್ ಓಡ್ಸಿ ಇಸ್ಕೂಲ್ ಮಕ್ಳ ಉಳುಸ್ತೀಯಾ? ಪೊರಕೆ ತಕ್ಕಂಡ್ ಬತ್ತೀನಿ, ನಿಂತ್ಕ," ಎಂದಳು. ನಾನು ನಿಲ್ಲಲಿಲ್ಲ.

ಬುಧವಾರ ಕೊನೆಯ ದಿನ. ಚಲುವಕ್ಕನಿಗೆ ಅವತ್ತು ಕ್ಯಾಮೆರಾದ ಚಿಂತೆಯ ಜೊತೆಗೆ ಇನ್ನೊಂದು ಕೆಲಸವೂ ಬಂದಿತ್ತು. ನಾಲ್ಕು ತಿಂಗಳ ಹಿಂದೆ ಕಿರುಗಾವಲಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ದೀಪಿಕ ಗಂಡನ ಜೊತೆ ಊಟಕ್ಕೆ ಬರುತ್ತಿದ್ದಳು. ಅಳಿಯ ರಘುನಂದನ್‌ಗೆ ಮಳವಳ್ಳಿಯ ಬ್ಯಾಂಕಿನಲ್ಲಿ ಕೆಲಸ, ಅವತ್ತು ರಜೆ ಹಾಕಿದ್ದ. ಮದುವೆಯ ಶಾಸ್ತ್ರಗಳೆಲ್ಲ ಮುಗಿದ ಮೇಲೆ ತಾನಾಗಿ ಅತ್ತೆಮನೆಗೆ ಬರುತ್ತಿರುವುದು ಇದೇ ಮೊದಲು. ನಮ್ಮ ಕಡೆ ಹೊಸ ಅಳಿಯ ಬಂದರೆ ಮನೆದೇವರೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ನಾಟಿ ಕೋಳಿ ಹಿಡಿದಾಗಿತ್ತು, ರಾಗಿ ಹಿಟ್ಟು ಬೀಸಿಸಿಕೊಂಡು ಬಂದಾಗಿತ್ತು.

ಕಟ್ಟೆ ಖಾಲಿ ಬಿಟ್ಟರೆ ಜನ ನಿಲ್ಲಿಸಿ ವಿಚಾರಿಸುತ್ತಾರೆಂದು ನಿಂಗಯ್ಯಣ್ಣನನ್ನು ಮೋರಿಯ ಮೇಲೆಯೇ ಕೂರಿಸಿದೆವು. ಮಾತಿಲ್ಲ, ಕೈ ಇಲ್ಲ, ಕೆಮ್ಮಿಲ್ಲ. ಕಾವಲಿಗೆ ಪಕ್ಕದಲ್ಲಿ ನಾನು. ದಿನಾ ಬರುವವರು ದಿನದಂತೆಯೇ ನಿಧಾನವಾಗಿ, ಕೈ ಎತ್ತಿ ಹೋದರು. ಅವನು ಕಲ್ಲಿನ ಹಾಗೆ ಕುಳಿತಿದ್ದ. ಪಾಪ, ಮಾತನಾಡದೆ ಮುಖವೇ ಬಾಡಿತ್ತು. ಮಧ್ಯಾಹ್ನ ಕಳೆಯಿತು. ಸ್ಕೂಲು ಬಿಡುವ ಹೊತ್ತು ಹತ್ತಿರವಾಯಿತು. ಇನ್ನು ಕ್ಯಾಮೆರಾ ಹೋದಂತೆಯೇ ಎಂದು ನಾನು ಎದ್ದು ಮೈ ಮುರಿದೆ.

ಆಗ ಇಳಿಜಾರಿನ ನೆತ್ತಿಯಲ್ಲಿ ಒಂದು ಕೆಂಪು ಬೈಕು ಕಂಡಿತು. ಅದು ಬರುತ್ತಿದ್ದ ರಭಸಕ್ಕೆ ಪಕ್ಕದ ಕಬ್ಬಿನ ಗರಿಗಳು ಅಲ್ಲಾಡಿದವು. ಹಿಂದೆ ಕುಳಿತವಳು ತೊಡೆಯ ಮೇಲೆ ದೊಡ್ಡದೊಂದು ಹಲಸಿನಹಣ್ಣು ತಬ್ಬಿಕೊಂಡಿದ್ದಳು.

"ಲೇ ಕೆಂಪರಾಜು, ದೀಪಿಕ ಕಣ್ಲಾ. ಅಳಿಯಂದ್ರು!"

ಅವನ ಬಲಗೈ ಅರ್ಧ ಎದ್ದಿತು. ನಾನು ಹಿಡಿಯಲು ಹೋಗಲಿಲ್ಲ. ಮಾವನಾದವನು ಹೊಸ ಅಳಿಯನಿಗೆ ದಂಡ ಹಾಕಿಸುವುದೆಂದರೆ ಏನು? ಬೀಗರ ಮುಂದೆ ಮುಖ ಎತ್ತುವುದು ಹೇಗೆ? ಕ್ಯಾಮೆರಾ ಹಾಳಾಗಲಿ, ಬೀಸಲಿ ಎಂದೇ ನನಗೂ ಅನ್ನಿಸಿತು.

ನಿಂಗಯ್ಯಣ್ಣ ಒಮ್ಮೆ ಕೆಳಗೆ, ಶಾಲೆಯ ಕಡೆ ನೋಡಿದ. ಬೆಲ್ಲು ಇನ್ನೂ ಹೊಡೆದಿರಲಿಲ್ಲ, ರಸ್ತೆ ಬರಿದಾಗಿತ್ತು. ಒಂದು ಮಗು ರಸ್ತೆಯಲ್ಲಿದ್ದಿದ್ದರೂ ಅವನು ಯಾರ ಮಾತೂ ಕೇಳುತ್ತಿರಲಿಲ್ಲ, ನಾನೂ ಬೈಕಿಗೆ ಅಡ್ಡ ಬೀಳುತ್ತಿದ್ದೆ. ಎದ್ದ ಕೈಯನ್ನು ಅವನು ಮೆಲ್ಲಗೆ ಇಳಿಸಿದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಭಾರ ಹಾಕಿ ಕುಳಿತ. ಅಳಿಯ ಮಾವನನ್ನು ಕಂಡವನೇ ನಕ್ಕು, ಕೈ ಎತ್ತಿ ನಮಸ್ಕಾರ ಮಾಡಿ, ಸುಂಯ್ ಎಂದು ಇಳಿದು ಹೋದ. ನಿಂಗಯ್ಯಣ್ಣ ಕಣ್ಣು ಮುಚ್ಚಿಕೊಂಡಿದ್ದ.

ದೀಪ ಹಚ್ಚುವ ಹೊತ್ತಿಗೆ ಅವರ ಮನೆಯಲ್ಲಿ ಎಲೆ ಹಾಕಿದರು. ಕೋಳಿ ಸಾರು ಮಾಡಿ ನನ್ನನ್ನು ಕರೆಯದೆ ಇರುವಷ್ಟು ಧೈರ್ಯ ಆ ಮನೆಯವರಿಗಿಲ್ಲ. ಅಳಿಯ ನಡುವೆ, ಅವನ ಬಲಕ್ಕೆ ನಿಂಗಯ್ಯಣ್ಣ, ಎಡಕ್ಕೆ ನಾನು. ಬಿಸಿ ಮುದ್ದೆ ಎಲೆಗೆ ಬಿತ್ತು. ನಿಂಗಯ್ಯಣ್ಣ ಅಳಿಯನ ಮುಖ ನೋಡದೆ ಉಪ್ಪಿನ ಕಡೆ ನೋಡುತ್ತಿದ್ದ. ನಡೆದದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ನಾನೂ ಬಾಯಿ ಬಿಟ್ಟಿರಲಿಲ್ಲ. ನನ್ನ ಆಯುಸ್ಸಿನಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ.

ಸಾರಿನ ಪಾತ್ರೆ ಎತ್ತಿಕೊಳ್ಳುವಷ್ಟರಲ್ಲಿ ಚಲುವಕ್ಕನ ಫೋನು ಹೊಡೆದುಕೊಂಡಿತು. ಅವಳಿಗೆ ಸ್ಪೀಕರ್ ಹಾಕದೆ ಮಾತನಾಡಲು ಬರುವುದಿಲ್ಲ.

"ಅಮ್ಮ, ಅರ್ಪಿತ ಮಾತಾಡ್ತಿರೋದು. ಬಂತಮ್ಮ, ಒಂದು ಕೇಸ್ ಬಂತು! ಐವತ್ತೆರಡು ಸ್ಪೀಡು! ವರದಿ ಕಳಿಸಿಬಿಟ್ಟೆ, ನಮ್ಮ ಸಾಹೇಬರೂ ಒಪ್ಪಿದ್ರು. ಕ್ಯಾಮೆರಾ ಖಾಯಂ ನಿಮ್ಮೂರಲ್ಲೇ ಇರುತ್ತೆ!"

ಚಲುವಕ್ಕ ಸೌಟು ಎತ್ತಿ ನಡುಮನೆಯಲ್ಲೇ ಕುಣಿದುಬಿಟ್ಟಳು. ಕುಂಟುಗಾಲಿನಲ್ಲಿ ಅಷ್ಟು ಚೆನ್ನಾಗಿ ಕುಣಿಯಬಹುದೆಂದು ನನಗೆ ಗೊತ್ತಿರಲಿಲ್ಲ. "ಬತ್ತಾ! ನನ್ನವ್ವ, ನಿನ್ ಒಟ್ಟೆ ತಣ್ಣಗಿರ್ಲಿ! ಯಾವನವ್ವ ಅವ್ನು ಸಿಕ್ಕಾಕಂಡೋನು? ಅವ್ನ್ ಕಾಲ್ಗೆ ಬೀಳ್ಬೇಕು ನಾನು!"

"ಅದು ಗೊತ್ತಿಲ್ಲಮ್ಮ. ಕೆಂಪು ಬೈಕು. ಹಿಂದೆ ಒಬ್ರು ಹಲಸಿನಹಣ್ಣು ಹಿಡ್ಕೊಂಡು ಕೂತಿದ್ದಾರೆ."

ಮನೆಯಲ್ಲಿದ್ದವರೆಲ್ಲ ಮೂಲೆಯ ಕಡೆ ತಿರುಗಿದೆವು. ಹಲಸಿನಹಣ್ಣು ಅಲ್ಲಿ ಗೋಡೆಗೆ ಒರಗಿ, ಮನೆಯ ತುಂಬ ವಾಸನೆ ಬಿಟ್ಟುಕೊಂಡು ಕುಳಿತಿತ್ತು.

ದೀಪಿಕಳ ಮುಖ ಕೆಂಪಾಯಿತು. "ಅಪ್ಪಾ! ಊರ್ ನಾಯಿ ನರಿಗೆಲ್ಲ ಟವಲ್ ಬೀಸ್ತೀಯ, ನಿನ್ನ ಸ್ವಂತ ಅಳೀಂಗೆ ಬೀಸಕೆ ಕೈ ಬರ್ಲಿಲ್ವಾ?"

ರಘುನಂದನ್ ಮುದ್ದೆಯ ತುತ್ತನ್ನು ಎಲೆಗೆ ಬಿಟ್ಟ. ಅವನಿಗೆ ಕೋಪಕ್ಕಿಂತ ಗೊಂದಲವೇ ಹೆಚ್ಚಾಗಿತ್ತು. "ಮಾವ, ನೀವು ಅಲ್ಲೇ ಕೂತಿದ್ರಿ. ನಾನು ಕೈ ಎತ್ತಿ ನಮಸ್ಕಾರ ಮಾಡ್ದೆ. ನೀವು ಅಲ್ಲಾಡ್ಲೂ ಇಲ್ಲ."

ನಿಂಗಯ್ಯಣ್ಣ ಎಲೆಯಿಂದ ಕಣ್ಣು ತೆಗೆಯದೆ ಮಾತನಾಡಿದ. "ತೆಪ್ಪು ತಿಳ್ಕಬ್ಯಾಡ ಕಣಪ್ಪ. ನಿಮ್ಮತ್ತೆ ಕಾಲು ಮುರಿದ್ ದಿನ್ವೂ ನಾನು ಅಲ್ಲೇ ಕುಂತಿದ್ದೆ. ಆ ಬೈಕು ಬರದ ನೋಡ್ದೆ. ಎದ್ ನಿಂತ್ಕಂಡು ಎರಡ್ ಕೈಲೂ ಬೀಸ್ದೆ. ಅವ್ನು ನಗ್ತಾ ಕೈ ಎತ್ತಿ ನಮಸ್ಕಾರ ಮಾಡ್ದ. ಯಾರೋ ಮುದ್ಕ ಮಾತಾಡುಸ್ತಾವ್ನೆ ಅಂದ್ಕಂಡ, ಓಗ್ಬುಟ್ಟ." ಮುದ್ದೆಯನ್ನು ಎಲೆಯ ಅಂಚಿಗೆ ಸರಿಸಿದ. "ಬರೀ ಕೈಗೆ ಯಾರೂ ನಿಲ್ಸಕಿಲ್ಲ. ಕ್ಯಾಮ್ರಾ ಐತೆ ಅಂದ್ರೆ ನಿಲ್ಲುಸ್ತಾರೆ. ಇವತ್ ನೀನೂ ಅಂಗೇ ಕೈ ಎತ್ತಿ ಓದೆಯಲ್ಲ, ಆಗ್ಲೇ ಗೊತ್ತಾಯ್ತು, ಈ ಕ್ಯಾಮ್ರಾ ಓಗ್ಬಾರ್ದು ಅಂತ."

ಆ ಟವಲಿನ ಹಿಂದೆ ಇಂಥದ್ದೊಂದು ಸಂಕಟವಿದೆಯೆಂದು ದಿನಾ ಅವನಿಗೆ ಟೀ ಕೊಡುವ ನನಗೇ ತಿಳಿದಿರಲಿಲ್ಲ.

"ಎರಡು ವರ್ಸದಿಂದ ಯಾಕ್ ಯೋಳ್ಲಿಲ್ಲ ನೀನು?" ಚಲುವಕ್ಕ ಕೇಳಿದಳು.

"ಏನಂತ ಯೋಳ್ಲಿ ಕಣಮ್ಮಿ? ನೋಡ್ತಾ ಇದ್ದೆ, ತಡಿಯಕ್ಕಾಗ್ಲಿಲ್ಲ ಅಂತ್ಲಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಪಾತ್ರೆಯಲ್ಲಿ ಸೌಟಾಡಿಸಿ, ಅಳಿಯನಿಗೆಂದೇ ಇಡಿಯಾಗಿ ಬೇಯಿಸಿದ್ದ ತೊಡೆಯನ್ನು ಎತ್ತಿದಳು. ಅಳಿಯನ ಎಲೆಯನ್ನು ದಾಟಿ ಹೋಗಿ, ಗಂಡನ ಎಲೆಗೆ ಬಡಿಸಿದಳು. ಹೊಸ ಅಳಿಯ ಕುಳಿತಿರುವಾಗ ಮೊದಲ ತುಂಡು ಗಂಡನಿಗೆ ಬಡಿಸಿದ ಹೆಂಗಸನ್ನು ನಮ್ಮ ಸೀಮೆಯಲ್ಲಿ ನಾನಂತೂ ಕಂಡಿಲ್ಲ.

ರಘುನಂದನ್ ಒಂದು ಗಳಿಗೆ ಆ ತೊಡೆಯನ್ನೇ ನೋಡಿದ. ಆಮೇಲೆ, "ಅತ್ತೆ, ದಂಡ ನಂಗೆ, ತೊಡೆ ಮಾವಂಗಾ?" ಎಂದ.

ಮೊದಲು ನಕ್ಕವಳು ದೀಪಿಕ. ಆಮೇಲೆ ಎಲ್ಲರೂ ನಕ್ಕೆವು, ರಘುನಂದನ್ ಎಲ್ಲರಿಗಿಂತ ಜೋರಾಗಿ. ಚಲುವಕ್ಕ ಅವನ ತಲೆ ಸವರಿ, ಉಳಿದದ್ದರಲ್ಲಿ ಒಳ್ಳೆಯ ತುಂಡುಗಳನ್ನೆಲ್ಲ ಆರಿಸಿ ಆರಿಸಿ ಅವನ ಎಲೆ ತುಂಬಿಸಿದಳು. ನನಗೆ ಬಂದದ್ದು ಕತ್ತು. ನಾನು ದೂರು ಹೇಳಲಿಲ್ಲ.

ನಿಂಗಯ್ಯಣ್ಣ ಮಾತ್ರ ಎಲೆ ಮುಟ್ಟದೆ ಕುಳಿತಿದ್ದ, ಕಣ್ಣಲ್ಲಿ ನೀರು ತುಂಬಿಕೊಂಡು. ಚಲುವಕ್ಕ ಅವನ ಪಕ್ಕದಲ್ಲೇ, ಮುರಿದು ಕೂಡಿದ ಕಾಲನ್ನು ನೀಡಿಕೊಂಡು ನೆಲದ ಮೇಲೆ ಕುಳಿತಳು.

"ಉಣ್ಣು," ಎಂದಳು. "ಆರೋಯ್ತದೆ."